ಕೂಲೆಂಟ್ ಎಲ್ಲಿಗೆ ಹೋಯ್ತು?

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನ ಮನೆ ಮುಂದೆ ಏನಾದರೊಂದು ನಡೆಯುತ್ತಲೇ ಇರುತ್ತದೆ, ಕಾರೊಂದನ್ನು ಬಿಟ್ಟು. ನನ್ನದು ಇಬ್ಬರೇ ಕೂರುವ ಕೆಂಪು ಕಾರು. ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿದರೆ ಮೇಲೆ ಆಕಾಶ. ವಯಸ್ಸು ಇಪ್ಪತ್ತು ದಾಟಿದೆ. ಈಚೆಗೆ ಅದರ ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ಹಸಿರು ನೀರು, ಎರಡು ದಿನಕ್ಕೊಮ್ಮೆ ಇಳಿಯತೊಡಗಿತು. ಎಲ್ಲಿ ಸೋರುತ್ತಿದೆ ಅಂತ ಹುಡುಕುವಾಗ ಆದದ್ದು ಇಷ್ಟು.

೧. ಬಾನೆಟ್ ತೆಗೆದವರು

ತೊಂದರೆ ಮೊದಲು ಗೊತ್ತಾಗಿದ್ದು ಶಿವಮೊಗ್ಗದ ರಾಗಿಗುಡ್ಡದ ಹತ್ತಿರ. ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಬಂತು. ಪಕ್ಕಕ್ಕೆ ನಿಲ್ಲಿಸಿ, ಆರಲಿ ಅಂತ ಕಾಯುತ್ತಿದ್ದೆ. ಸ್ಕೂಟರಿನಲ್ಲಿ ಹೋಗುತ್ತಿದ್ದ ಮೆಕ್ಯಾನಿಕ್ ಒಬ್ಬರು ತಾವಾಗಿಯೇ ನಿಂತರು. ನಾನು ಬಾಯಿ ತೆಗೆಯುವ ಮೊದಲೇ ಮುಂದಿನ ಬಾನೆಟ್ ಎತ್ತಿದರು. ಒಳಗೆ ಒಂದು ಬ್ಯಾಟರಿ, ಒಂದು ಸ್ಟೆಪ್ನಿ. ಈ ಕಾರಿನ ಎಂಜಿನ್ ಇರುವುದು ಸೀಟಿನ ಹಿಂದೆ ಅಂತ ಪಾಪ ಅವರಿಗೇನು ಗೊತ್ತು?

ಸ್ವಲ್ಪ ಹೊತ್ತು ನೋಡಿ, ಬಹಳ ಮೆತ್ತಗೆ ಕೇಳಿದರು: "ಸಾರ್, ಎಲ್ಲಿಂದ ಬರ್ತಿದ್ದೀರಿ?"

"ಶಂಕರಘಟ್ಟದಿಂದ."

"ಹಂಗಾದ್ರೆ ಅದೇ ದಾರೀಲಿ ನಿಧಾನಕ್ಕೆ ನೋಡ್ಕೊಂಡು ವಾಪಸ್ ಹೋಗಿ. ಎಂಜಿನ್ನೇ ಎಲ್ಲೋ ಬಿದ್ದೋಗಿದೆ."

೨. ಹಸಿರು ಗುರುತು

ದೊಡ್ಡ ಗ್ಯಾರೇಜಿನವರು ಕಾರನ್ನು ಸುತ್ತ ನೋಡಿ, "ಎಂಜಿನ್ ಇಳಿಸ್ಬೇಕು, ಪಾರ್ಟು ಹೊರದೇಶದಿಂದ ತರಿಸ್ಬೇಕು, ಸುಮ್ನೆ ಮಾರಿಬಿಡಿ" ಅಂದರು. ನನಗೆ ಎರಡು ದಿನ ಊಟ ಸೇರಲಿಲ್ಲ. ಹೆಂಡತಿ ಅಂದಳು, "ಮಾರೋದಿದ್ರೆ ಮಾರಿ. ಅದಕ್ಕೆ ಮುಂಚೆ ಅಪ್ಪಂಗೊಂದ್ಸಲ ತೋರಿಸಿ."

ಅವಳ ಅಪ್ಪ ಭದ್ರಾವತಿಯವರು. ಅಲ್ಲಿಯ ಕಾರ್ಖಾನೆಯೊಂದರ ಬಾಯ್ಲರ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬರುವ ಮೊದಲೇ ಫೋನಿನಲ್ಲಿ ಅಪ್ಪಣೆ ಕೊಟ್ಟರು: "ಅಳಿಯಂದ್ರೇ, ಕಾರಿನ ಕೆಳಗೆ ಒಂದು ರಟ್ಟು ಹಾಸಿಡಿ. ಎಲ್ಲಿ ಗುರುತು ಬೀಳತ್ತೋ ಅಲ್ಲೇ ಸೋರಿಕೆ."

ಫ್ರಿಜ್ಜಿನ ರಟ್ಟು ಬಿಚ್ಚಿ ಹಾಸಿದೆ. ಬೆಳಿಗ್ಗೆ ನೋಡಿದರೆ ಅಂಗೈಯಗಲ ಹಸಿರು! ನಾನು ಕುಣಿದಾಡಿಬಿಟ್ಟೆ. ಫೋಟೋ ತೆಗೆದೆ, ಅಳತೆ ತೆಗೆದೆ, ಮೇಲೆ ಯಾವ ಪೈಪಿದೆ ಅಂತ ಚಿತ್ರ ಬರೆದೆ. ಬಸ್ಸಿಳಿದು ಬಂದ ಮಾವ ಆ ಹಸಿರನ್ನು ಬೆರಳಿಗೆ ತಗೊಂಡು ಉಜ್ಜಿದರು.

"ಕೂಲೆಂಟ್ ಆದ್ರೆ ಎಣ್ಣೆ ಥರ ಜಾರತ್ತೆ. ಇದು ಕರಕರ ಅಂತಿದೆ" ಅಂದು ಮಗಳ ಕಡೆ ತಿರುಗಿದರು. "ಇವತ್ತು ಬಾಗಿಲು ತೊಳೆದ್ಯೇನಮ್ಮ?"

"ಹ್ಞೂಂ, ನಿನ್ನೆ ರಂಗೋಲೀಲಿ ಗಿಳಿ ಬಿಟ್ಟಿದ್ದೆ."

ಮಾವ ನನ್ನ ಚಿತ್ರವನ್ನು ಗೌರವದಿಂದ ಮಡಚಿ ಕೈಗಿಟ್ಟರು. "ಅಳಿಯಂದ್ರೇ, ಸೋರಿರೋದು ಗಿಳಿ."

೩. ಬೀಪಿ

ಮಾವ ಚೀಲದಿಂದ ಒಂದು ವಿಚಿತ್ರ ವಸ್ತು ತೆಗೆದರು. ಸೈಕಲ್ ಪಂಪು, ಅದಕ್ಕೊಂದು ರಬ್ಬರ್ ಪೈಪು, ನಡುವೆ ಗುಜರಿಯಿಂದ ತಂದ ಪ್ರೆಶರ್ ಗೇಜು. ಎಲ್ಲವನ್ನೂ ತಾವೇ ಜೋಡಿಸಿದ್ದು. ತಣ್ಣಗಿದ್ದ ಎಂಜಿನ್ನಿನ ಕೂಲೆಂಟ್ ಡಬ್ಬಿಗೆ ಅದನ್ನು ಸಿಕ್ಕಿಸಿ ಗಾಳಿ ಒತ್ತಿದರು. ಮುಳ್ಳು ಏರಿತು, ಆಮೇಲೆ ಮೆಲ್ಲಗೆ ಇಳಿಯತೊಡಗಿತು. ಸೋರುತ್ತಿರುವುದೇನೋ ನಿಜ, ಆದರೆ ಕಾರಿನ ಕೆಳಗೆ ಒಂದು ಹನಿ ಇಲ್ಲ.

ಆ ಎಪ್ಪತ್ತರ ಮನುಷ್ಯ ಬಗ್ಗಿ ಪ್ರತಿ ಪೈಪಿಗೂ ಕಿವಿ ಇಟ್ಟು ಕೇಳುತ್ತಿದ್ದುದನ್ನು ನೋಡಿ ನನಗೆ ಕೈ ಮುಗಿಯಬೇಕೆನಿಸಿತು.

ಹೆಂಡತಿ ಬಾಗಿಲಲ್ಲಿ ನಿಂತು ಅಂದಳು, "ಅಪ್ಪಾ, ಈ ಕಾರೊಳಗೆ ಕೂತ್ರೆ ಜೋನಿಬೆಲ್ಲದ ವಾಸನೆ ಬರತ್ತೆ. ಹದಿನೈದು ದಿನದಿಂದ ಹೇಳ್ತಿದೀನಿ. ನನ್ನ ಕಡೆ ಮ್ಯಾಟೂ ಒದ್ದೆ. ನಿನ್ನ ಚಪ್ಪಲೀದೇ ಒದ್ದೆ ಅಂತಾರೆ ಇವ್ರು."

ಮಾವ ಎದ್ದು ನಿಂತರು. "ಕೂಲೆಂಟಿಗೆ ಸಿಹಿ ವಾಸನೆ ಇರತ್ತೆ! ಡ್ಯಾಶ್‌ಬೋರ್ಡ್ ಕೆಳಗೆ ಹೀಟರ್ ಇದ್ಯಲ್ಲ, ಅದಕ್ಕೂ ಇದೇ ನೀರು ಹೋಗೋದು. ಹೊರಗೆಲ್ಲ ಹುಡುಕಿದ್ವಿ, ಇದು ಒಳಗೇ ಸೋರ್ತಿದೆ ಮಾರಾಯ್ತಿ!"

ಗ್ಯಾರೇಜು ಹೇಳದ್ದನ್ನು ನನ್ನ ಹೆಂಡತಿಯ ಮೂಗು ಹೇಳಿತ್ತು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಗೇಜನ್ನು ನೋಡಿ ಕೇಳಿದರು, "ಏನದು, ಬೀಪಿ ಮಿಷನ್ನಾ? ಎಷ್ಟಿದೆ?"

ಮಾವ ಅಂದರು, "ಕಾರಿಂದು ಇಳೀತಿದೆ ಮೇಷ್ಟ್ರೇ, ಮಗಳದ್ದು ಏರ್ತಿದೆ."

೪. ಆಶೀರ್ವಾದ

ಉಪಾಯವೂ ಮಾವನದೇ. "ಶಿವಮೊಗ್ಗದಲ್ಲಿ ಹೀಟರ್ ಯಾರಿಗ್ರೀ ಬೇಕು? ಅದಕ್ಕೆ ಹೋಗೋ ಪೈಪು, ಅದರಿಂದ ಬರೋ ಪೈಪು, ಎರಡನ್ನೂ ಒಂದಕ್ಕೊಂದು ಸೇರಿಸಿಬಿಡೋಣ."

ಪೈಪಿದ್ದ ಜಾಗ ಕೈಗೆ ಸಿಗುವಂಥದ್ದಲ್ಲ. ಮಾವ ಟಾಪು ಮಡಚಿಸಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ, ಬೆನ್ನನ್ನು ಸೀಟಿಗೆ ಕೊಟ್ಟು, ಎರಡೂ ಕಾಲನ್ನು ಸೀಟಿನ ಮೇಲಿಂದ ಆಕಾಶಕ್ಕೆ ಎತ್ತಿದರು. ನಾನು ಇನ್ನೊಂದು ಬಾಗಿಲಿನಿಂದ ಅರ್ಧ ಒಳಗೆ ಹೊಕ್ಕು, ನೀರು ಚೆಲ್ಲದಂತೆ ಪೈಪಿನ ಬಾಯನ್ನು ಒತ್ತಿ ಹಿಡಿದಿದ್ದೆ. ಹೊರಗೆ ಕಾಣುತ್ತಿದ್ದದ್ದು ಮಾವನ ಖಾಕಿ ಪ್ಯಾಂಟು, ಎರಡು ಪಾದ, ಅಷ್ಟೇ.

ಆಗಲೇ ಮೇಷ್ಟ್ರು ಬರಬೇಕೆ! ಜೊತೆಗೆ ಹೋದ ವಾರ ಮದುವೆಯಾದ ಮಗಳು, ಹೊಸ ಅಳಿಯ. ಹಿರಿಯರ ಆಶೀರ್ವಾದಕ್ಕೆ ಮನೆ ಮನೆಗೆ ಹೊರಟಿದ್ದರು. ಮೇಷ್ಟ್ರು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು: "ದೊಡ್ಡವರು, ಕೆಲಸದಲ್ಲಿದ್ದಾರೆ. ತೊಂದರೆ ಕೊಡೋದು ಬೇಡ. ಪಾದ ಅಂತೂ ಇಲ್ಲೇ ಇದೆ, ಮುಟ್ಟಿ ನಮಸ್ಕಾರ ಮಾಡಿ."

ಬಗ್ಗುವ ಅಗತ್ಯವೇ ಇರಲಿಲ್ಲ, ಪಾದ ಎದೆಮಟ್ಟಕ್ಕಿತ್ತು. ಇಬ್ಬರೂ ಭಕ್ತಿಯಿಂದ ಒಂದೊಂದು ಪಾದ ಮುಟ್ಟಿದರು. ಸರಿಯಾಗಿ ಅದೇ ಹೊತ್ತಿಗೆ ಒಳಗಿನಿಂದ ಮಾವನ ಗಂಭೀರ ದನಿ ಎದ್ದಿತು:

"ಜೋಡಿ ಸೇರಿಸಿ ಆಯ್ತು. ಇನ್ನು ಗಟ್ಟಿಯಾಗಿ ಹಿಡ್ಕೊಳ್ಳಿ, ಬಿಡಬೇಡಿ! ಜಾಸ್ತಿ ಬಿಗಿ ಮಾಡಿದ್ರೆ ಬಿರುಕು ಬಿಡತ್ತೆ, ಸಡಿಲ ಬಿಟ್ರೆ ಮುಖಕ್ಕೆ ಹಾರತ್ತೆ. ಒಂದು ಮಾತು ನೆನಪಿಟ್ಕೊಳ್ಳಿ, ಬಿಸಿ ಇದ್ದಾಗ ಮುಚ್ಚಳ ತೆಗೀಲೇಬಾರದು. ಆರೋ ತನಕ ಸುಮ್ನಿರಬೇಕು!"

ನಾನು ಪೈಪು ಬಿಡದೆ ಕತ್ತೆತ್ತಿ ಹೊರಗೆ ನೋಡಿದೆ. ಹುಡುಗಿಯ ಕಣ್ಣಲ್ಲಿ ನೀರು. ಹೊಸ ಅಳಿಯ, "ಎಂಥಾ ಮಾತು ಹೇಳಿದ್ರು!" ಅಂದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷ ಪಾಠ ಮಾಡಿದೆ, ಸಂಸಾರದ ಬಗ್ಗೆ ಇಷ್ಟು ಚೆನ್ನಾಗಿ ಹೇಳೋಕೆ ನನಗೂ ಬರ್ಲಿಲ್ಲ. ಇನ್ನೊಂದ್ಸಲ ಮುಟ್ಟಿ ನಮಸ್ಕಾರ ಮಾಡ್ರಮ್ಮ."

ಇಬ್ಬರೂ ಮತ್ತೆ ಮುಟ್ಟಿದರು. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಮಾವ ಗುಡುಗಿದರು:

"ಅಳಿಯಂದ್ರೇ, ಕೆಲಸದ ಹೊತ್ನಲ್ಲಿ ಕಾಲಿಗೆ ಕಚಗುಳಿ ಇಡಬೇಡಿ!"