ಸತ್ತವಳನ್ನು ಬದುಕಿಸಿದ ದೊಡ್ಡರಂಗಪ್ಪನವರ ಪರವಾಗಿ, ವಿಡಿಯೋ ಯಂತ್ರಕ್ಕೆ

ಪಾವಗಡ, ೧೯೮೭

ನಮ್ಮ ನಡುಮನೆಯ ಮೇಜಿನ ಮೇಲೆ, ನನ್ನ ಮದುವೆಯ ಫೋಟೊವನ್ನೂ ಬದಿಗೆ ಸರಿಸಿ, ಕಸೂತಿ ಬಟ್ಟೆ ಹೊದ್ದು ವಿರಾಜಮಾನರಾಗಿರುವ ಮಾನ್ಯ ವಿಡಿಯೋ ಯಂತ್ರದವರೇ,

ಮದುವೆಯಾಗಿ ನಲವತ್ತೊಂದೇ ದಿನವಾದ ಸೊಸೆಯ ಸಾವಿರ ನಮಸ್ಕಾರಗಳು. ತಾವು ಬಂದ ದಿನ ನಮ್ಮತ್ತೆ ತಮಗಿಟ್ಟ ಕುಂಕುಮ, ನಾನು ಬಂದ ದಿನ ನನಗಿಟ್ಟದ್ದಕ್ಕಿಂತ ತುಸು ದೊಡ್ಡದಿತ್ತು. ಅದಕ್ಕೆ ನನ್ನ ತಕರಾರಿಲ್ಲ. ತಾವು ನಿಜಕ್ಕೂ ಸೂಪರ್! ನಮ್ಮವರು (ಹೀಗೆ ಬರೆಯುವಾಗ ಈಗಲೂ ನಗು ಬರುತ್ತದೆ) ಗುಂಡಿ ಒತ್ತಿದರೆ ಹಿಂದಕ್ಕೂ ಓಡುತ್ತೀರಿ, ಮುಂದಕ್ಕೂ ಓಡುತ್ತೀರಿ. ನನ್ನ ದೂರು ಕಳೆದ ಭಾನುವಾರ ತಾವು ಹೇಳಿದ ನಿಜದ ಬಗ್ಗೆ.

ಅಂದು ತಾವು ತೋರಿಸಿದ ತೆಲುಗು ಸಿನಿಮಾವನ್ನು ನಾನು ಎಂಟು ವರ್ಷದವಳಿದ್ದಾಗ, ಗೊರವನಹಳ್ಳಿ ಪಕ್ಕದ ನಮ್ಮೂರಿನ ಡೇರೆಯಲ್ಲಿ, ಭೀಮಕ್ಕಜ್ಜಿಯ ತೊಡೆಯ ಮೇಲೆ ಕೂತು ನೋಡಿದ್ದೆ. ನಮ್ಮ ಸುತ್ತಿನ ಹಳ್ಳಿಗಳಿಗೆ ಮೊಟ್ಟಮೊದಲು ಸಿನಿಮಾ ತಂದವರು ದೊಡ್ಡರಂಗಪ್ಪನವರು. ತೆಲುಗು ಬಾರದ ನಮಗಾಗಿ ಪರದೆಯ ಪಕ್ಕ ಮೈಕು ಹಿಡಿದು ನಿಂತು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೂ ತೆಲುಗು ಬರುತ್ತಿರಲಿಲ್ಲ ಎಂಬುದು ತೀರಾ ಸಣ್ಣ ವಿಷಯ. ನಾಯಕ "ಚೆಪ್ಪು! ಚೆಪ್ಪು!" ಎಂದು ನಾಯಕಿಯ ಭುಜ ಅಲುಗಾಡಿಸಿದಾಗ, "ಪಾಪ, ಚಪ್ಪಲಿ ಕಳ್ಕಂಡವ್ನೆ ಕಣ್ರಪ್ಪಾ, ಎಲ್ ಮಡಗಿದ್ದೀಯ ಅಂತ ಕೇಳ್ತಾವ್ನೆ" ಎಂದರು. ಇಡೀ ಡೇರೆ ಆ ಚಪ್ಪಲಿಗಾಗಿ ಮರುಗಿತು. ಅಜ್ಜಿಯಂತೂ ತನ್ನ ಮೆಟ್ಟನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಕೊನೆಯಲ್ಲಿ ನಾಯಕಿ ಕಣ್ಣು ಮುಚ್ಚಿದಳು. ಅದೇ ವರ್ಷ ಹೆರಿಗೆಯಲ್ಲಿ ಮಗಳನ್ನು ಕಳೆದುಕೊಂಡಿದ್ದ ಅಜ್ಜಿ ಹೋ ಎಂದು ಅತ್ತಳು. ದೊಡ್ಡರಂಗಪ್ಪನವರು ಪರದೆಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. "ಅಳಬ್ಯಾಡ ಕಣಕ್ಕೋ ಭೀಮಕ್ಕಾ, ಸತ್ತಿಲ್ಲ! ಸುಸ್ತಾಗಿ ಮಲಗವ್ಳೆ. ನಾಳೀಕೆ ಎದ್ದು ರಾಗಿ ಬೀಸ್ತಾಳೆ!" ಪರದೆಯ ಮೇಲೆ ಚಿತೆ ಹೊತ್ತಿಕೊಂಡಿತು. "ಚಳೀಗೆ ಬೆಂಕಿ ಹಾಕವ್ರೆ" ಎಂದರು. ಅಜ್ಜಿ ಕಣ್ಣೊರೆಸಿಕೊಂಡಳು. ಇಂದಿಗೂ ಆ ಹುಡುಗಿಯನ್ನು ನೆನೆದು, "ಈಗ ಮಕ್ಳೊಂದಿಗ್ಳಾಗಿರ್ತಾಳೆ ಬುಡು" ಎಂದು ನಿಟ್ಟುಸಿರಿಡುತ್ತಾಳೆ.

ಕಾನ್ವೆಂಟಿನಲ್ಲಿ ಓದಿದ ನಾನೂ ಅದನ್ನೇ ನಂಬಿ, ಭಾನುವಾರ ಮನೆಯವರೆಲ್ಲರ ಮುಂದೆ "ಹೆದರಬೇಡಿ, ಬದುಕುತ್ತಾಳೆ" ಎಂದು ಘೋಷಿಸಿದೆ. ತಾವು ಸಾಯಿಸಿದಿರಿ. ನಮ್ಮವರು ಹಿಂದಕ್ಕೆ ಓಡಿಸಿದಷ್ಟೂ ಸಲ ಸಾಯಿಸಿದಿರಿ. ತೆಲುಗು ಬಲ್ಲ ನಮ್ಮ ಮಾವ ಮುದ್ದಪ್ಪನವರು ಹೊಟ್ಟೆ ಹಿಡಿದು ನಕ್ಕರು: "ಚೆಪ್ಪು ಅಂದ್ರೆ ಹೇಳು ಅಂತ ಕಣಮ್ಮ! ಎಂಥಾ ಅಬದ್ಧಾಲ ರಾಯ, ಸುಳ್ಳಿನ ಸರದಾರ, ನಿಮ್ಮ ದೊಡ್ಡರಂಗಪ್ಪ! ನಿಮ್ಮಜ್ಜಿ ಬರ್ಲಿ, ನಿಜ ಏನೂಂತ ತೋರಿಸ್ಬುಡ್ತೀನಿ."

ಮಾನ್ಯರೇ, ದೊಡ್ಡರಂಗಪ್ಪನವರು ಈಗಿಲ್ಲ. ಅವರ ಪರವಾಗಿ ನಾನೇ ಬರೆಯಬೇಕಾಗಿದೆ. ತಮಗೆ ಹನ್ನೆರಡು ಗುಂಡಿಗಳಿವೆ, ಎದುರಿಗೆ ಕೂತವರು ಯಾರೆಂದು ನೋಡುವ ಗುಂಡಿ ಒಂದೂ ಇಲ್ಲ. ದಯವಿಟ್ಟು ಬೇಗ ಒಂದನ್ನು ಬೆಳೆಸಿಕೊಳ್ಳಿ. ಬರುವ ಭಾನುವಾರ ಅಜ್ಜಿ ನನ್ನನ್ನು ನೋಡಲು ಬರುತ್ತಿದ್ದಾಳೆ, ಕ್ಯಾಸೆಟ್ಟನ್ನು ಮಾವನವರು ಹಿಂತಿರುಗಿಸಿಲ್ಲ. ಅಂದು ತಾವು ನಾಯಕಿಯನ್ನು ಎಬ್ಬಿಸಿ ಕೂರಿಸಬೇಕು. ಅದಾಗದಿದ್ದರೆ ಕಡೇಪಕ್ಷ ಒಮ್ಮೆ ಕೆಮ್ಮಿಸಬೇಕು.

ಇಷ್ಟಾದರೂ ಪ್ರತಿದಿನ ಬೆಳಗ್ಗೆ ತಮ್ಮ ಧೂಳೊರೆಸುವ,
ತಮ್ಮ ವಿಶ್ವಾಸಿ,
ಭೀಮಕ್ಕನ ಮೊಮ್ಮಗಳು, ಈ ಮನೆಯ ಹೊಸ ಸೊಸೆ

ತಾ.ಕ.: ಟಿ.ವಿ.ಯ ಸದ್ದಡಗಿಸುವ ಗುಂಡಿ ಯಾವುದೆಂದು ನಮ್ಮವರು ನಿನ್ನೆ ನನ್ನ ಬೆರಳು ಹಿಡಿದು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಭಾನುವಾರ ತಾವು ಚಿತ್ರ ಮಾತ್ರ ತೋರಿಸಿದರೆ ಸಾಕು; ನನಗೂ ತೆಲುಗು ಬಾರದಿರುವುದರಿಂದ ಮಾತು ನಾನು ನೋಡಿಕೊಳ್ಳುತ್ತೇನೆ. ಮಾವನವರ ಚಿಂತೆ ಬೇಡ, ಆ ಹೊತ್ತಿಗೆ ಅವರು ತಮ್ಮ ಚಪ್ಪಲಿ ಹುಡುಕುತ್ತಿರುತ್ತಾರೆ. ಎಲ್ಲಿ ಮಡಗಿದ್ದೇನೆಂದು ನಾನಂತೂ ಚೆಪ್ಪುವುದಿಲ್ಲ.