ಪೇಟಿ ಮಾಸ್ತರರ ಬೆನ್ನು

ಯಾರನ್ನೂ ನಂಬದ ಮನುಷ್ಯನಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಸಂತೆಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡಿ, ಆಮೇಲೆ ಹೆಂಡತಿಗೂ ಅಲ್ಲಾಡಿಸಲು ಹೇಳುವವನು. ಜಕ್ಕಲಿಯ ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತೇನೆ.

೧. ಮುಖ ಕಾಣದ ಗುರು

ನನಗೆ ಪೇಟಿಯ ಹುಚ್ಚು ಹಿಡಿಸಿದವರು ನರೇಗಲ್ಲಿನ ನಾಟಕಗಳಿಗೆ ಬರುತ್ತಿದ್ದ ಒಬ್ಬ ಪೇಟಿ ಮಾಸ್ತರರು. ನಮ್ಮ ಕಡೆ ಪೇಟಿ ಮಾಸ್ತರರು ರಂಗದ ಕೆಳಗೆ, ನಟರ ಕಡೆ ಮುಖ ಮಾಡಿ ಕೂರುತ್ತಾರೆ. ನೋಡುವವರಿಗೆ ಕಾಣುವುದು ಬೆನ್ನು ಮಾತ್ರ. ನಾಟಕ ಮುಗಿದರೆ ಪರದೆಯ ಹಿಂದೆ ಮಾಯ.

"ಅವ್ರ ನನ್ನ ಗುರು" ಎಂದೆ ಅವ್ವನಿಗೆ.

"ಮಾರಿ ಹ್ಯಾಂಗೈತಿ?"

"ನೋಡಿಲ್ಲವ್ವಾ."

"ನಾನೂ ಮಾರಿ ನೋಡ್ದ ನಿಮ್ಮಪ್ಪನ್ನ ಮಾಡ್ಕೊಂಡ್ನಿ. ಏನಾತು ನೋಡಾಕತ್ತೀಯಲ್ಲ!"

೨. ಗಜೇಂದ್ರಗಡದ ಪರೀಕ್ಷೆ

ದೊಡ್ಡವನಾದ ಮೇಲೆ ಒಮ್ಮೆ ಪೇಟಿ ರಿಪೇರಿಗೆಂದು ಗಜೇಂದ್ರಗಡಕ್ಕೆ ಹೋಗಿದ್ದೆ. ಅಂಗಡಿಯವನು ಮೂಲೆಯಲ್ಲಿ ಕೂತ ಹಿರಿಯರನ್ನು ತೋರಿಸಿ, "ಇವ್ರು ನಾಟಕದ ದೊಡ್ಡ ಮಾಸ್ತರ್ರು" ಎಂದ. ಇವರೇ ನನ್ನ ಗುರುಗಳಿರಬಹುದು ಅನ್ನಿಸಿತು. ಆದರೆ ಅಂಗಡಿಯವನ ಮಾತನ್ನು ಹೇಗೆ ನಂಬುವುದು?

"ಅಜ್ಜಾರ, ಚೂರು ಆ ಕಡೆ ತಿರಗ್ರಿ."

ತಿರುಗಿದರು. ನನಗೆ ಬೆನ್ನಿನ ಅಗಲ ಸಾಲದು ಅನ್ನಿಸಿತು. ಹತ್ತಿರ ಹೋಗಿ ಗೇಣು ಹಾಕಿ ನೋಡಿದೆ.

"ಹಾಂ, ಅಲ್ಲೇ ನೋಡ್ರಿ," ಅಂದರು ಅವರು, "ವಾರಾತು, ಹಿಡಕೊಂಡೈತಿ. ಎಣ್ಣಿ ತಂದೀರೇನು?"

ಅವರು ನಟರಿಗೆ ಮಾತು ಕಲಿಸುವ ಮಾಸ್ತರರಂತೆ. ಪೇಟಿ ಮುಟ್ಟಿದವರೇ ಅಲ್ಲ.

೩. ನರಗುಂದದಲ್ಲಿ ಎದುರಾಬದುರು

ಹೋದ ವರ್ಷ ನರಗುಂದದ ಭಜನೆಯಲ್ಲಿ ನಾನು ಪೇಟಿ ಬಿಚ್ಚುವ ಹೊತ್ತಿಗೆ, "ನಿಮ್ಮ ಗುರುಗಳು ಖುದ್ದ ಬಂದಾರ್ರಿ" ಎಂದರು ಅಲ್ಲಿನವರು. ಎದುರಿಗೆ, ಫೋನಿನಲ್ಲಿ ಮುಖ ಹುದುಗಿಸಿದ ಒಬ್ಬ ಸಣಕಲು ಮುದುಕರು. ಇವರೇ ಅವರು ಎಂದು ನನಗೆ ನಂಬಿಕೆ ಬರಲಿಲ್ಲ. ಅವರಿಗಂತೂ ನನ್ನ ಮೇಲೆ ಮೊದಲೇ ಇರಲಿಲ್ಲ.

"ನನ್ನ ಶಿಷ್ಯ ಅಂತ ಹೇಳ್ಕೊಂಡು ತಿರಗ್ತೀಯಂತ? ನಾ ಯಾವಾಗ ಕಲಿಸೀನಿ?"

"ನಿಮ್ಮ ಹಿಂದ ಕೂತು, ನೋಡಿ ಕಲ್ತೀನ್ರಿ."

"ಹಿಂಗ ಹೇಳೋರು ಭಾಳ ಮಂದಿ ಅದಾರ. ನುಡಸು, ನೋಡೂಣು."

ಮೇಳದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇವರು ಸುಳ್ಳು ಶಿಷ್ಯ ಅಂದುಬಿಟ್ಟರೆ ನಾನು ಊರಲ್ಲಿ ಮತ್ತೆ ಪೇಟಿ ಮುಟ್ಟುವ ಹಾಗಿರಲಿಲ್ಲ. ಹೇಗೋ ನುಡಿಸಿದೆ. ಅವರು ಫೋನ್ ಕೆಳಗಿಟ್ಟರು.

"ಕೈ ಚಲೋ ಐತಿ."

ಈ ಒಂದು ಮಾತಿಗಾಗಿಯೇ ಇಷ್ಟು ವರ್ಷ ಕಾದಿದ್ದೆ. ಕಣ್ಣು ತುಂಬಿ ಬಂತು.

"ಆದ್ರ ನಡುನಡುವ ಎಡಭುಜ ಎತ್ತಿ ಕಿವಿಗ್ಯಾಕ ತಿಕ್ಕತಿ?"

"ನೀವ ಹಂಗ ನುಡಸ್ತಿದ್ರಲ್ರಿ! ಅದನ್ನ ಕಲ್ಯಾಕ ನನಗ ಭಾಳ ತ್ರಾಸ ಆತ್ರಿ. ಈಗ ನಮ್ಮ ಮೇಳದಾಗ ಎಲ್ಲಾರಿಗೂ ಕಲಿಸೀನಿ."

ಮಾಸ್ತರರು ಕನ್ನಡಕ ತೆಗೆದು ನನ್ನನ್ನು ಒಮ್ಮೆ, ಮೇಳದವರನ್ನು ಒಮ್ಮೆ ನೋಡಿದರು.

"ಅಲ್ಲೋ ತಮ್ಮಾ, ನಾಟಕದಾಗ ನಂದು ಕಾಲಪೇಟಿ. ಎರಡೂ ಕೈ ಸ್ವರದ ಮನಿ ಮ್ಯಾಲ, ಎರಡೂ ಕಾಲು ಗಾಳಿ ಹಾಕಾಕ. ಕಿವ್ಯಾಗ ಸೊಳ್ಳಿ ಹೊಕ್ರ ಮತ್ತ ಯಾತರ್ಲೆ ಓಡಿಸ್ಲಿ?"