ನೀವು ಯಾವ ಮಲ್ಲಿಗನ್?

ಒಂದು ಸಲ ಮರ್ಯಾದೆ ಹೋದರೆ ಅದನ್ನು ಅಕಸ್ಮಾತ್ ಅನ್ನಬಹುದು. ಒಂದೇ ಹೆಸರಿನಿಂದ ನಾಲ್ಕು ಸಲ ಹೋದರೆ ಏನನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೋಹಾದಲ್ಲಿ ಸಭೆ ಸಮಾರಂಭಗಳನ್ನು ನಡೆಸಿಕೊಡುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ಹೊರದೇಶದ ಅತಿಥಿಗಳನ್ನು ಬರಮಾಡಿಕೊಳ್ಳುವುದು, ರೂಮು ತೋರಿಸುವುದು, ವೇದಿಕೆ ಹತ್ತಿಸುವುದು, ವಾಪಸ್ ವಿಮಾನ ಹತ್ತಿಸುವುದು. ಮೈಸೂರಿನಲ್ಲಿ ನಮ್ಮಮ್ಮ ಇದನ್ನು "ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸೋ ಕೆಲಸ" ಅನ್ನುತ್ತಾರೆ. ನಮಗೆ ಅತಿಥಿಗಳನ್ನು ಕಳಿಸುವ ಏಜೆನ್ಸಿ ಐರ್ಲೆಂಡಿನದು. ಅಲ್ಲಿ ಮಲ್ಲಿಗನ್ ಅಂದರೆ ನಮ್ಮಲ್ಲಿ ಗೌಡರು, ಶೆಟ್ಟರು ಇದ್ದ ಹಾಗೆ ಅಂತ ಕಾಣುತ್ತೆ. ಆಟದ ಮೈದಾನದಲ್ಲೂ ಅವರೇ, ರಾಜಕೀಯದಲ್ಲೂ ಅವರೇ. ನನ್ನ ಪಾಲಿಗೆ ಬಂದವರೂ ಅವರೇ.

ಮಲ್ಲಿಗೆ

ಮೊದಲು ಬಂದವರು ಹಾಕಿ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದ ಹೆಂಗಸು. ನಮ್ಮ ಡ್ರೈವರ್ ಬಂಟ್ವಾಳ ಕಡೆಯ ಬ್ಯಾರಿಗಳು. ಕತಾರಿಗೆ ಬಂದು ನನ್ನ ವಯಸ್ಸಿನಷ್ಟು ವರ್ಷ ಆಗಿದೆ. ಆಫೀಸಿನ ಕನ್ನಡದವರೆಲ್ಲ ಕಾಕ ಅಂತ ಕರೆಯುತ್ತೇವೆ. ಅವತ್ತು ನನಗೆ ಹತ್ತು ಕೆಲಸ. ಫೋನಿನಲ್ಲೇ ಹೇಳಿದೆ: "ಕಾಕ, ನಾಲ್ಕು ಗಂಟೆಗೆ ಏರ್‌ಪೋರ್ಟಿಗೆ ಮಲ್ಲಿಗನ್ ಬರುತ್ತೆ. ಹೋಗಿ ತಗೊಂಡು ಬನ್ನಿ."

"ಬರುತ್ತಾರೆ" ಅನ್ನುವ ಬದಲು "ಬರುತ್ತೆ" ಅಂದೆ. ಅತಿಥಿಗಳಿಗೆ ಬಹುವಚನ ಕೊಡದೆ ಇರುವುದು ನಮ್ಮ ಆಫೀಸಿನ ಕೆಟ್ಟ ಚಾಳಿ. ಅದರ ಫಲ ಉಂಡೆ.

ಆರು ಗಂಟೆಗೆ ಆ ಹೆಂಗಸೇ ಫೋನ್ ಮಾಡಿದರು. "ನಾನು ಇಲ್ಲೇ ನಿಂತಿದ್ದೇನೆ. ಯಾರಾದರೂ ಬರುತ್ತಾರಾ?" ಟ್ಯಾಕ್ಸಿ ಹಿಡಿದು ಓಡಿದೆ. ಕ್ಷಮೆ ಕೇಳುತ್ತಾ ಕೇಳುತ್ತಾ ಅವರನ್ನು ಆಫೀಸಿಗೆ ಕರೆತಂದೆ. ಬಾಗಿಲಲ್ಲೇ ನಮ್ಮ ಮ್ಯಾನೇಜರು ನಿಂತಿದ್ದರು. ಅವರು ಸುಡಾನಿನವರು, ಎಂದೂ ದನಿ ಏರಿಸಿದವರಲ್ಲ. ಅವರ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ ಕಾಕ.

"ಎಂಥದು ಮಾರಾಯ್ರೆ, ಕಾರ್ಗೋ ಗೇಟಿನಲ್ಲಿ ಒಂದು ಗಂಟೆ ಜಗಳ ಮಾಡಿದೆ. ನಮ್ಮ ಹೆಸರಿಗೆ ಏನೂ ಬಂದಿಲ್ಲ ಅಂದರು. ಕಡೆಗೆ ಓಲ್ಡ್ ಏರ್‌ಪೋರ್ಟ್ ಏರಿಯಾದಲ್ಲಿ ನಮ್ಮವರ ಅಂಗಡಿಗೆ ಹೋದೆ."

ಮ್ಯಾನೇಜರು ಮೆಲ್ಲಗೆ ಕಾಕನನ್ನು ಕೇಳಿದರು: "ನೀವು ತಂದ ಅತಿಥಿ ಎಲ್ಲಿ?"

ಕಾಕ ಪ್ಲಾಸ್ಟಿಕ್ ಕವರ್ ಎತ್ತಿ ತೋರಿಸಿದರು. ಒಳಗೆ ಎರಡು ಚೆಂಡು ಮಲ್ಲಿಗೆ.

ಮುರಿದ ಮೂಗು

ಆ ಮೇಲೆ ಒಂದು ಔತಣಕೂಟ. ಇಬ್ಬರು ಮಲ್ಲಿಗನ್‌ಗಳು. ಒಬ್ಬರು ಯಾವುದೋ ಊರಿನ ಮೇಯರ್ ಆಗಿದ್ದವರು, ಇನ್ನೊಬ್ಬರು ಹಳೆಯ ಬಾಕ್ಸರ್. ಪರಿಚಯ ಓದುವವಳು ನಾನು. ಕೈಯಲ್ಲಿ ಎರಡು ಚೀಟಿ. ಮೇಯರ್ ವೇದಿಕೆಗೆ ಬಂದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ:

"ಇವರು ಎದುರಾಳಿಗಳನ್ನು ಮೊದಲ ಸುತ್ತಿನಲ್ಲೇ ನೆಲಕ್ಕೆ ಕೆಡವಿದವರು. ಒಮ್ಮೆ ಮೂಗು ಮುರಿದು ರಕ್ತ ಸುರಿದರೂ ಕಣ ಬಿಟ್ಟು ಕದಲಿದವರಲ್ಲ!"

ಓದಿ ಮುಗಿಸುವಷ್ಟರಲ್ಲಿ ಚೀಟಿ ಅದಲುಬದಲಾಗಿದ್ದು ಹೊಳೆಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಲ ಕೆಳಗೆ ದಪ್ಪ ಕಾರ್ಪೆಟ್ಟು, ಅದು ಬಾಯಿ ಬಿಡಲಿಲ್ಲ.

ಮೇಯರ್ ಮೈಕಿನ ಮುಂದೆ ನಿಂತು ಹೇಳಿದರು: "ನನ್ನನ್ನು ಇಷ್ಟು ಸರಿಯಾಗಿ ಯಾರೂ ಪರಿಚಯಿಸಿರಲಿಲ್ಲ. ಒಂದೇ ತಿದ್ದುಪಡಿ. ನನ್ನ ಮೂಗು ಮುರಿದದ್ದು ಎದುರಾಳಿಗಳಲ್ಲ, ನಮ್ಮ ಪಕ್ಷದವರು."

ಸಭೆ ನಕ್ಕಿತು. ನನಗೂ ಉಸಿರು ಬಂತು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಬಾಕ್ಸರ್ ನಮ್ಮ ಮ್ಯಾನೇಜರ ಕಿವಿಯಲ್ಲಿ ಗಂಭೀರವಾಗಿ ಕೇಳಿದರಂತೆ: "ಇವರು ಯಾವ ತೂಕದ ವಿಭಾಗದಲ್ಲಿ ಆಡ್ತಿದ್ದರು?"

ಒಂದೇ ಕೀಲಿ

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತೆ. ಪಟ್ಟಿಯಲ್ಲಿ ಮಿಸ್ಟರ್ ಮಲ್ಲಿಗನ್, ಅದರ ಕೆಳಗೆ ಮಿಸೆಸ್ ಮಲ್ಲಿಗನ್. ಒಂದೇ ವಿಮಾನ. ನಾನು ಜಾಣೆ ಅಲ್ಲವೇ, ಒಂದೇ ರೂಮ್ ಮಾಡಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಎರಡು ತಪ್ಪು ಮುಚ್ಚಿಹೋಗಲಿ ಅಂತ ಹೋಟೆಲಿನವರಿಗೆ ಹೇಳಿ ಮಂಚದ ಮೇಲೆ ಗುಲಾಬಿ ಎಸಳು ಹಾಕಿಸಿದೆ, ಟವೆಲಿನಲ್ಲಿ ಎರಡು ಹಂಸ ಮಾಡಿಸಿದೆ. ಹೃದಯದ ಆಕಾರದ ಕೇಕು ಬೇರೆ.

ಮಿಸ್ಟರ್ ಮಲ್ಲಿಗನ್ ಗಾಲ್ಫ್ ಆಟಗಾರರು, ಅರವತ್ತು ದಾಟಿದ ವಿಧುರರು. ಆಕೆ ನಗರಸಭೆಯ ಸದಸ್ಯೆ. ಗಂಡ, ಮಕ್ಕಳು ಊರಿನಲ್ಲಿದ್ದಾರೆ. ಹೋಟೆಲಿನವರು ಕಳಿಸಿದ ಬೇರೆ ಬೇರೆ ಕಾರಿನಲ್ಲಿ ಬಂದ ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡಿದ್ದು ಆ ರೂಮಿನ ಬಾಗಿಲಲ್ಲಿ, ಹಂಸಗಳ ಎದುರು. ಹಿಂದಿನಿಂದ ಹೋಟೆಲಿನ ಹುಡುಗಿಯರು ಕೇಕು ಹಿಡಿದು ಚಪ್ಪಾಳೆ ತಟ್ಟುತ್ತಾ ಬಂದರು.

ನಾನು ಕೈ ಮುಗಿದೆ. ಕಣ್ಣೀರು ಬಂದೇಬಿಟ್ಟಿತು. ಗಾಲ್ಫಿನವರು ಪಾಪ, ಒಳ್ಳೆಯವರು. "ಅಳಬೇಡಮ್ಮ. ಗಾಲ್ಫಿನಲ್ಲಿ ಮೊದಲ ಹೊಡೆತ ಕೆಟ್ಟರೆ ಅದನ್ನು ಬಿಟ್ಟು ಇನ್ನೊಂದು ಹೊಡೆಯಲು ಅವಕಾಶ ಕೊಡ್ತಾರೆ. ಅದಕ್ಕೆ ನಮ್ಮ ಮನೆತನದ ಹೆಸರೇ ಇದೆ, ಮಲ್ಲಿಗನ್ ಅಂತ. ನಿನಗೆ ಒಂದು ಕೊಟ್ಟೆ" ಅಂದರು.

ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಾನು ಗಾಲ್ಫ್ ಆಡಲ್ಲ. ನನ್ನ ರೂಮ್ ಎಲ್ಲಿ?"

ಈಜುಕೊಳ

ಇಷ್ಟಾದ ಮೇಲೆ ಮ್ಯಾನೇಜರು ನನ್ನನ್ನು ಕೂರಿಸಿಕೊಂಡರು. "ಸಿಸ್ಟರ್, ಇನ್ನೊಂದು ಸಲ ಆದರೆ ಮೇಲಿನವರಿಗೆ ನಾನು ಏನು ಹೇಳಲಿ?" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮುಂದಿನ ತಿಂಗಳೇ ಮತ್ತೆ ಇಬ್ಬರು ಮಲ್ಲಿಗನ್‌ಗಳು. ಒಬ್ಬರು ಸಂಸದರು, ನೀರಿನ ಭವಿಷ್ಯದ ಬಗ್ಗೆ ದೊಡ್ಡ ವಿಚಾರಗೋಷ್ಠಿಗೆ. ಇನ್ನೊಬ್ಬರು ದೋಣಿ ಸ್ಪರ್ಧೆಯಲ್ಲಿ ಪದಕ ಗೆದ್ದವರು, ಒಂದು ಇಂಡಿಯನ್ ಶಾಲೆಯ ಕ್ರೀಡಾದಿನಕ್ಕೆ. ಬೆಳಿಗ್ಗೆ ಹೋಟೆಲ್ ಮುಂದೆ ಎರಡು ಕಾರು. ಒಬ್ಬರು ಆನೆಯಂಥ ಆಳು, ಅಗಲ ಭುಜ. ಇನ್ನೊಬ್ಬರು ಸಣಕಲು, ಕೋಟು, ಕನ್ನಡಕ. ಹೆಸರು ಕೇಳಿ ಪ್ರಯೋಜನವಿಲ್ಲ, ನೀವು ಯಾವ ಮಲ್ಲಿಗನ್ ಅಂತ ಕೇಳಲು ಸಂಕೋಚ. ಭುಜ ನೋಡಿ ತೀರ್ಮಾನ ಮಾಡಿದೆ. ಆನೆಯನ್ನು ಕಾಕನ ಜೊತೆ ಶಾಲೆಗೆ ಕಳಿಸಿ, ಸಣಕಲರನ್ನು ನಾನೇ ಗೋಷ್ಠಿಗೆ ಕರೆದೊಯ್ದೆ.

ವೇದಿಕೆಯ ಮೇಲೆ ನಿರ್ವಾಹಕರು ಕೇಳಿದರು: "ನೀರಿನ ಸಮಸ್ಯೆಗೆ ತಮ್ಮ ಪರಿಹಾರವೇನು?"

ಸಣಕಲರು ಸುತ್ತ ನೋಡಿದರು. ನನ್ನನ್ನೂ ನೋಡಿದರು. "ನಾನು ಬದುಕಿಡೀ ನೀರಿನ ಮೇಲೇ ಕಳೆದವನು. ಎಂಟು ಜನ ತಮಗೆ ಬೇಕಾದ ಹಾಗೆ ಹುಟ್ಟು ಹಾಕಿದರೆ ದೋಣಿ ನಿಂತಲ್ಲೇ ಸುತ್ತುತ್ತೆ. ಒಟ್ಟಿಗೆ ಎಳೀರಿ ಅಂತ ಒಬ್ಬ ಕೂಗಬೇಕು. ನಾನು ಕೂಗುವವನು."

ಸಭೆಯೆಲ್ಲ ಎದ್ದು ಚಪ್ಪಾಳೆ. ಎಂಥ ಆಳವಾದ ಮಾತು ಅಂತ ಪಕ್ಕದವರು ಬರೆದುಕೊಂಡರು. ಅದಲುಬದಲಾಗಿದೆ ಅಂತ ಹೊಳೆದದ್ದು ನನಗೊಬ್ಬಳಿಗೇ. ದೋಣಿಯ ತುದಿಯಲ್ಲಿ ಕೂತು ಕೂಗುವವರು ಹಗುರ ಇರಬೇಕಂತೆ. ಅದು ನನಗೆ ಗೊತ್ತಾದದ್ದು ಆಗ.

ಟ್ಯಾಕ್ಸಿಯಲ್ಲಿ ಶಾಲೆಗೆ ಹಾರಿದೆ. ಕಾಕ ಗೇಟಿನಲ್ಲೇ ಕಾಯುತ್ತಿದ್ದರು. "ಬೇಗ ಬನ್ನಿ. ಅರ್ಧ ಗಂಟೆ ಆಯ್ತು, ಭಾಷಣ ಖಲಾಸ್ ಆಗುವುದೇ ಇಲ್ಲ."

ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳ ಮುಂದೆ ಸಂಸದರು ಕೈ ಬೀಸಿ ಮಾತಾಡುತ್ತಿದ್ದರು. ಕಡೆಗೂ ಪ್ರಶ್ನೆ ಕೇಳಿ ಅಂದರು. ಮೂರನೇ ಕ್ಲಾಸಿನ ಒಬ್ಬಳು ಕೈ ಎತ್ತಿದಳು: "ಸರ್, ನೀವು ಕೂತರೆ ದೋಣಿ ಮುಳುಗಲ್ವಾ?"

"ಯಾವ ದೋಣಿ?" ಅಂದರು ಸಂಸದರು.

ನಾನು ಮುಂದೆ ಹೋಗಿ ಎಲ್ಲರ ಎದುರೇ ತಪ್ಪು ಒಪ್ಪಿಕೊಂಡೆ. ಸಂಸದರಿಗೆ ಸಿಟ್ಟೇ ಬರಲಿಲ್ಲ. "ಅಲ್ಲಿ ನನ್ನ ಹೆಸರಿನವರು ಏನು ಹೇಳಿದರು?" ಅಂತ ಕೇಳಿದರು. ಹೇಳಿದೆ. "ಚಪ್ಪಾಳೆ ಬಿತ್ತಾ?" ಬಿತ್ತು ಅಂದೆ. "ಹಾಗಾದರೆ ಅದು ನಮ್ಮ ಪಕ್ಷದ ನಿಲುವು" ಅಂತ ಹೇಳಿ ಕಾರು ಹತ್ತಿದರು.

ಹಗುರಾಗಿ ಹೊರಟೆ. ಹಿಂದಿನಿಂದ ಪ್ರಿನ್ಸಿಪಾಲರು ಓಡಿ ಬಂದು ನನ್ನ ದಾರಿ ಅಡ್ಡಗಟ್ಟಿದರು.

"ಮೇಡಂ, ಅವರು ಯಾರಾದರೂ ಆಗಲಿ. ಶಾಲೆಗೊಂದು ಈಜುಕೊಳ ಕಟ್ಟಿಸಿಕೊಡ್ತೀನಿ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದಾರೆ. ಅವರನ್ನು ಕಳಿಸಿದವರು ನೀವು. ಯಾವತ್ತು ಅಗೆಯೋಕೆ ಶುರು ಮಾಡ್ತೀರಿ?"